ಸರ್ಕಾರದ ದುಡ್ಡಿನ ಸಂಶೋಧನೆ ಖಾಸಗಿ ಕಂಪನಿಯಾದರೆ ಜನರಿಗೆ ಏನು ಸಿಗುತ್ತದೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗಳು ಬೆಂಗಳೂರಿನ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸುವ ಹಂತದಲ್ಲಿದ್ದಾಳೆ. ಸಕ್ಕರೆ ಕಾಯಿಲೆ ಇರುವವರ ಕಿಡ್ನಿ ಹಾಳಾಗುತ್ತಿದೆಯಾ ಎಂದು ಬೇಗ ತಿಳಿಸುವ ಒಂದು ಪರೀಕ್ಷೆ ಅವರ ಲ್ಯಾಬಿನಲ್ಲಿ ತಯಾರಾಗಿದೆ. ಈಗ ಅವಳೂ ಅವಳ ಗೈಡೂ ಸೇರಿ ಕಂಪನಿ ಮಾಡುತ್ತಾರಂತೆ. 'ಸ್ಪಿನ್‌ಔಟ್' ಅನ್ನುತ್ತಾಳೆ. ಸರ್ಕಾರದ ಫೆಲೋಶಿಪ್‌ನಲ್ಲಿ ಓದಿ, ಸರ್ಕಾರದ ಯಂತ್ರ ಬಳಸಿ ಕಂಡುಹಿಡಿದದ್ದನ್ನು ಖಾಸಗಿಯಾಗಿ ಮಾರುವುದು ನನ್ನ ಮನಸ್ಸಿಗೆ ಒಗ್ಗುತ್ತಿಲ್ಲ. ಇಂಥ ಕಂಪನಿಗಳಿಂದ ಜನರ ಆರೋಗ್ಯಕ್ಕೆ, ನಾಡಿನ ಆದಾಯಕ್ಕೆ ನಿಜವಾಗಿ ಲಾಭ ಇದೆಯಾ, ಅಥವಾ ನಾಲ್ಕು ಜನ ದುಡ್ಡು ಮಾಡಿಕೊಳ್ಳುವ ದಾರಿಯಾ? ಮಗಳಿಗೆ ಏನು ಹೇಳಲಿ?

ಉತ್ತರ: ಮೇಷ್ಟ್ರೇ, ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಗಳು ಮಾಡಲು ಹೊರಟಿರುವುದು ತಪ್ಪಲ್ಲ. ಲ್ಯಾಬಿನಲ್ಲಿ ಕಂಡುಹಿಡಿದದ್ದು ತಾನಾಗಿ ನಡೆದುಕೊಂಡು ರೋಗಿಯ ಹತ್ತಿರ ಹೋಗುವುದಿಲ್ಲ, ಯಾರಾದರೂ ಹೊತ್ತುಕೊಂಡು ಹೋಗಬೇಕು. ಆ ಹೊರೆ ಹೊರುವುದಕ್ಕೇ ಇಂಥ ಕಂಪನಿಗಳು ಹುಟ್ಟುವುದು. ಆದರೆ ಜನರಿಗೆ ಅದರಿಂದ ಎಷ್ಟು ದಕ್ಕುತ್ತದೆ ಅನ್ನುವುದು ಸಂಸ್ಥೆಗೂ ಕಂಪನಿಗೂ ನಡುವೆ ಆಗುವ ಕರಾರಿನ ಮೇಲೆ ನಿಂತಿದೆ. ನಿಮ್ಮ ಅನುಮಾನ ಒಳ್ಳೆಯದೇ. ಅದನ್ನು ಮಗಳ ಮೇಲಿಂದ ಆ ಕರಾರಿನ ಕಡೆ ತಿರುಗಿಸಿ.

ನಾನು ಹದಿನೆಂಟು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಪ್ರೊಫೆಸರುಗಳ ಸಂಶೋಧನೆಗೆ ಪೇಟೆಂಟ್ ಮಾಡಿಸುವುದು, ಲೈಸೆನ್ಸ್ ಕರಾರು ಬರೆಯುವುದು, ಹೊಸ ಕಂಪನಿಗಳ ಜೊತೆ ಕೂತು ಲೆಕ್ಕ ನೋಡುವುದು. ಹಾಗಾಗಿ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಸ್ಪಿನ್‌ಔಟ್ ಅಂದರೆ ಏನು ಅಂತ ನಿಮಗೆ ಹೇಳುವುದು ಸುಲಭ, ಮಲೆನಾಡಿನವರು. ಬಾಳೆಯ ಬುಡದಲ್ಲಿ ಕಂದು ಏಳುತ್ತದಲ್ಲ, ಅದನ್ನು ಬೇರು ಸಮೇತ ತೆಗೆದು ಬೇರೆ ಗುಂಡಿಯಲ್ಲಿ ನೆಡುತ್ತೀರಿ. ಇದೂ ಹಾಗೆಯೇ. ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಒಂದು ಸಂಶೋಧನೆಯನ್ನು ತೆಗೆದು ಹೊಸ ಕಂಪನಿಯಲ್ಲಿ ನೆಡುತ್ತಾರೆ. ಪೇಟೆಂಟ್ ಸಾಮಾನ್ಯವಾಗಿ ಸಂಸ್ಥೆಯ ಹೆಸರಲ್ಲೇ ಇರುತ್ತದೆ. ಅದನ್ನು ಬಳಸುವ ಹಕ್ಕು, ಅಂದರೆ ಲೈಸೆನ್ಸ್, ಕಂಪನಿಗೆ ಸಿಗುತ್ತದೆ. ಅದಕ್ಕೆ ಬದಲಾಗಿ ಸಂಸ್ಥೆಗೆ ಒಂದಿಷ್ಟು ಷೇರು, ಅಥವಾ ಮಾರಾಟದ ದುಡ್ಡಲ್ಲಿ ಒಂದು ಪಾಲು, ಅಂದರೆ ರಾಯಲ್ಟಿ, ಅಥವಾ ಎರಡೂ. ಅಂದರೆ ಸರ್ಕಾರದ ಆಸ್ತಿಯನ್ನು ಯಾರೋ ಎತ್ತಿಕೊಂಡು ಹೋದ ಹಾಗಲ್ಲ. ಗೇಣಿಗೆ ಕೊಟ್ಟ ಹಾಗೆ.

ಮಗಳ ಪರೀಕ್ಷೆ ಸಕ್ಕರೆ ಕಾಯಿಲೆಯವರಿಗೆ ಅಂದಿರಿ. ಹಾಗಾದರೆ ಇನ್ಸುಲಿನ್ ಕಥೆಯಿಂದಲೇ ಶುರು ಮಾಡೋಣ. ವಿಶ್ವವಿದ್ಯಾಲಯದ ಬಾಗಿಲು ದಾಟಿ ಅದು ಎರಡು ಸಲ ಹೊರಗೆ ಬಂದಿದೆ, ಎರಡು ಬೇರೆ ದಾರಿಯಲ್ಲಿ.

ಮೊದಲನೆಯದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಿಂದ. 1922ರ ಜನವರಿಯಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಹುಡುಗ ಚೇತರಿಸಿಕೊಂಡ. ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ತಮ್ಮ ಪೇಟೆಂಟ್ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರ್‌ಗೆ ಬಿಟ್ಟುಕೊಟ್ಟರು. ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಆದರ್ಶ ಇದೇ ಅಲ್ವಾ?

ಆದರೆ ಅದರ ನಡುವೆ ಒಂದು ತಾಪತ್ರಯ ಆಯಿತು, ಅದನ್ನು ಜನ ಮರೆತುಬಿಡುತ್ತಾರೆ. ಚಿಕ್ಕ ಪಾತ್ರೆಯಲ್ಲಿ ಬಂದ ಇನ್ಸುಲಿನ್ ದೊಡ್ಡ ಪಾತ್ರೆಯಲ್ಲಿ ಬರಲಿಲ್ಲ. ಜಾಸ್ತಿ ಮಾಡಲು ಹೋದಾಗ ತಯಾರಿಯ ಹದವೇ ಕೈ ತಪ್ಪಿತು. ಔಷಧಿ ಇದೆ ಅಂತ ಗೊತ್ತು, ರೋಗಿಗಳು ಬಾಗಿಲಲ್ಲಿ ನಿಂತಿದ್ದಾರೆ, ಕೊಡಲು ಮಾಲಿಲ್ಲ. ಕೊನೆಗೆ ವಿಶ್ವವಿದ್ಯಾಲಯ ಅಮೆರಿಕದ ಎಲಿ ಲಿಲ್ಲಿ ಕಂಪನಿಯನ್ನು ಜೊತೆಗೆ ಕರೆದುಕೊಂಡಿತು. ಅವರ ರಸಾಯನ ತಜ್ಞರು ಶುದ್ಧವಾಗಿ, ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಬಗೆ ಕಂಡುಕೊಂಡ ಮೇಲೆಯೇ ಇನ್ಸುಲಿನ್ ಊರೂರಿಗೆ ತಲುಪಿದ್ದು. ಹಕ್ಕನ್ನು ಬಿಟ್ಟುಕೊಡುವ ದೊಡ್ಡ ಮನಸ್ಸೂ ಬೇಕಿತ್ತು, ಹಂಡೆ ಒಲೆ ಇಟ್ಟುಕೊಂಡ ಕಾರ್ಖಾನೆಯೂ ಬೇಕಿತ್ತು.

ಎರಡನೆಯದು 1976ರಲ್ಲಿ. ಆಗ ಇನ್ಸುಲಿನ್ ಬರುತ್ತಿದ್ದದ್ದು ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ. ಕಸಾಯಿಖಾನೆಯಿಂದ ಗ್ರಂಥಿ ತಂದು ಅರೆದು ತೆಗೆಯಬೇಕಿತ್ತು. ಕೆಲವರಿಗೆ ಅದು ಅಲರ್ಜಿ ಆಗುತ್ತಿತ್ತು. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಹರ್ಬರ್ಟ್ ಬೋಯರ್ ಅವರು, ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೋಹೆನ್ ಜೊತೆ, ಒಂದು ಜೀವಿಯ ಜೀನ್ ಅನ್ನು, ಅಂದರೆ ವಂಶವಾಹಿಯನ್ನು, ಬ್ಯಾಕ್ಟೀರಿಯಾದೊಳಗೆ ಸೇರಿಸುವ ವಿದ್ಯೆ ಕಂಡುಹಿಡಿದಿದ್ದರು. ರಾಬರ್ಟ್ ಸ್ವಾನ್ಸನ್ ಎಂಬ ಯುವಕ ಅವರನ್ನು ಹುಡುಕಿಕೊಂಡು ಬಂದ. ಇಬ್ಬರೂ ತಲಾ 500 ಡಾಲರ್ ಹಾಕಿ ಜೆನೆನ್‌ಟೆಕ್ ಶುರು ಮಾಡಿದರು. 1978ರಲ್ಲಿ ಬ್ಯಾಕ್ಟೀರಿಯಾದೊಳಗೆ ಮನುಷ್ಯರ ಇನ್ಸುಲಿನ್ ತಯಾರಾಯಿತು. 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ಅದೇ ವಿದ್ಯೆಯ ಇನ್ನೊಂದು ಕವಲು ನಮ್ಮ ಮನೆ ಬಾಗಿಲಿಗೇ ಬಂತು. ಬೆಂಗಳೂರಿನ ಬಯೋಕಾನ್ ಯೀಸ್ಟ್ ಬಳಸಿ ಮನುಷ್ಯರ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಬಯೋಕಾನ್ ವಿಶ್ವವಿದ್ಯಾಲಯದ ಕಂದಲ್ಲ, ಅದು ಬೇರೆ ಮಾತು. ಆದರೆ ಒಂದು ಲ್ಯಾಬಿನ ವಿದ್ಯೆ ಕಂಪನಿಯಾಗಿ ನಿಂತು ತೋರಿಸಿದರೆ, ಅದನ್ನು ನೋಡಿ ದೂರದ ಊರುಗಳಲ್ಲೂ ಕೆಲಸ ಶುರುವಾಗುತ್ತದೆ.

ಈಗ ನಿಮ್ಮ ಮಗಳ ವಿಷಯಕ್ಕೆ ತುಂಬ ಹತ್ತಿರದ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಲ್ಯಾಬಿನವರು ಬೆರಳ ತುದಿಯ ರಕ್ತದಿಂದ ಮಾಡುವ ಪರೀಕ್ಷೆಯೊಂದನ್ನು ತಯಾರಿಸಿದ್ದರು. ಲ್ಯಾಬಿನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು. ಪೇಪರ್ ಕೂಡ ಪ್ರಕಟವಾಗಿತ್ತು. ಅದನ್ನು ತೆಗೆದುಕೊಂಡು ರಾಯಚೂರು ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಮೇ ತಿಂಗಳು. ಬೆಳಿಗ್ಗೆ ಹನ್ನೊಂದಕ್ಕೇ ಗೋಡೆ ಮುಟ್ಟಿದರೆ ಸುಡುತ್ತಿತ್ತು. ಕರೆಂಟ್ ಇರಲಿಲ್ಲ.

ಅಲ್ಲಿನ ಸಿಸ್ಟರ್ ಪೊಟ್ಟಣ ಹರಿಯಲು ಹೋದರು. ಗ್ಲೌಸ್ ಹಾಕಿದ ಬೆವರು ಕೈಗೆ ಅದು ಸಿಗಲಿಲ್ಲ. ಹಲ್ಲಿನಲ್ಲಿ ಕಚ್ಚುವ ಹಾಗಿಲ್ಲ. ಕತ್ತರಿ ಹುಡುಕಿ ಕತ್ತರಿಸುವಾಗ ಒಳಗಿದ್ದ ಸ್ಟ್ರಿಪ್‌ನ, ಅಂದರೆ ರಕ್ತ ಹಾಕಿ ನೋಡುವ ಪಟ್ಟಿಯ, ಒಂದು ಮೂಲೆ ಕತ್ತರಿಸಿಹೋಯಿತು. ಎರಡನೇ ಸ್ಟ್ರಿಪ್ ಮೇಲೆ ರಕ್ತ ಹಾಕಿದರೆ, ಲ್ಯಾಬಿನಲ್ಲಿ ಸರಾಗ ಹರಿಯುತ್ತಿದ್ದ ಹನಿ ಅರ್ಧ ದಾರಿಯಲ್ಲಿ ಒಣಗಿ ನಿಂತುಬಿಟ್ಟಿತು. ಇಪ್ಪತ್ತು ಸ್ಟ್ರಿಪ್‌ಗಳಲ್ಲಿ ಹನ್ನೊಂದು ಕೆಟ್ಟವು. ಫ್ರಿಜ್‌ನಲ್ಲಿ ಇಡಬಹುದಾ ಅಂತ ಕೇಳಿದೆ. "ಸಾರ್, ಅದರಾಗ ಮಕ್ಕಳ ಲಸಿಕಿ ಅದಾವ, ಬ್ಯಾರೆ ಏನೂ ಇಡಂಗಿಲ್ಲ" ಅಂದರು ಸಿಸ್ಟರ್. ಅವರು ಹೇಳಿದ್ದು ಸರಿ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಎರಡು ವರ್ಷ ಹಿಡಿಯಿತು. ರಾಸಾಯನಿಕವನ್ನು ಒಣಗಿಸುವ ರೀತಿ ಬದಲಾಯಿಸಿದರು. ಪೊಟ್ಟಣಕ್ಕೆ ಎರಡೂ ಕಡೆ ಕಚ್ಚು ಹಾಕಿದರು. ತೇವ ಹೀರುವ ಚಿಕ್ಕ ಚೀಲ ಸೇರಿಸಿದರು. ಒಂದೇ ಹದದಲ್ಲಿ ಸಾವಿರಾರು ಸ್ಟ್ರಿಪ್ ಮಾಡುವ ಯಂತ್ರ ಹುಡುಕಿದರು. ಈ ಎರಡು ವರ್ಷದ ಕೆಲಸದಿಂದ ಒಂದೂ ಸಂಶೋಧನಾ ಪೇಪರ್ ಬರಲಿಲ್ಲ. ಯಾವ ವಿಶ್ವವಿದ್ಯಾಲಯವೂ ಇದಕ್ಕೆ ಪಿಎಚ್‌ಡಿ ಕೊಡುವುದಿಲ್ಲ. ಯಾವ ಪ್ರೊಫೆಸರಿಗೂ ಇದರಿಂದ ಬಡ್ತಿ ಇಲ್ಲ. ದೊಡ್ಡ ಔಷಧಿ ಕಂಪನಿಗಳು ಇಷ್ಟು ಬೇಗ ಕೈ ಹಾಕುವುದಿಲ್ಲ, ಅವರಿಗೆ ಇನ್ನೂ ನಂಬಿಕೆ ಬಂದಿರುವುದಿಲ್ಲ. ಮತ್ತೆ ಮಾಡುವವರು ಯಾರು? ಆ ಲ್ಯಾಬಿನಿಂದ ಹೊರಗೆ ಬಂದು ಕಂಪನಿ ಕಟ್ಟಿದ ಇಬ್ಬರು ಹುಡುಗರೇ ಮಾಡಿದರು. ಸಂಬಳ ಸರಿಯಾಗಿ ಬರದ ತಿಂಗಳುಗಳಲ್ಲೂ ಮಾಡಿದರು. ಸ್ಪಿನ್‌ಔಟ್‌ನಿಂದ ಆರೋಗ್ಯಕ್ಕೆ ಏನು ಲಾಭ ಅಂತ ಯಾರಾದರೂ ಕೇಳಿದರೆ ನನಗೆ ಆ ಕಚ್ಚು ಹಾಕಿದ ಪೊಟ್ಟಣವೇ ನೆನಪಾಗುತ್ತದೆ.

ನಿಮ್ಮ ಮಗಳು ನೋಡಬೇಕಾದ ಕಂಪನಿಯೊಂದು ಬೆಂಗಳೂರಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ, ನ್ಯಾನೋ ವಿಜ್ಞಾನ ವಿಭಾಗದಿಂದ ಹೊರಬಂದ ಪಾಥ್‌ಶೋಧ್. ಪ್ರೊಫೆಸರ್ ನವಕಾಂತ ಭಟ್ ಮತ್ತು ವಿನಯ್ ಕುಮಾರ್ 2015ರಲ್ಲಿ ಶುರು ಮಾಡಿದ್ದು. ಕೈಯಲ್ಲಿ ಹಿಡಿಯುವ ಒಂದೇ ಯಂತ್ರದಲ್ಲಿ ಮೂರು ತಿಂಗಳ ಸಕ್ಕರೆ ಮಟ್ಟ, ಹಿಮೋಗ್ಲೋಬಿನ್, ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನ್, ಇವನ್ನೆಲ್ಲ ಅಳೆಯುವಂತೆ ಮಾಡಿದ್ದಾರೆ. ಮೂತ್ರದಲ್ಲಿ ಅಲ್ಬುಮಿನ್ ಸೋರುವುದು ಕಿಡ್ನಿ ಸೋಲುತ್ತಿರುವುದರ ಮೊದಲ ಸುಳಿವು. ಆ ಹಂತದಲ್ಲಿ ಗೊತ್ತಾದರೆ ಮಾತ್ರೆ, ಪಥ್ಯದಲ್ಲಿ ಎಷ್ಟೋ ಸಲ ಹಿಡಿದು ನಿಲ್ಲಿಸಬಹುದು. ತಡವಾದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಿಬರುವ ಮನೆಯಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತಿರುತ್ತದೆ. ರೋಗಿಯ ದುಡಿಮೆ ಹೋಗುತ್ತದೆ, ಜೊತೆಗೆ ಹೋಗುವವರ ಕೂಲಿಯೂ ಹೋಗುತ್ತದೆ. ನೀವು ಆರೋಗ್ಯ ಬೇರೆ, ಆದಾಯ ಬೇರೆ ಅಂತ ಎರಡಾಗಿ ಕೇಳಿದಿರಿ. ಆ ಮನೆಯ ಲೆಕ್ಕದಲ್ಲಿ ಅವು ಎರಡಲ್ಲ.

ಇನ್ನು ಕ್ಯಾನ್ಸರ್ ವಿಷಯ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ನಡೆದ ಕೆಲಸಗಳಲ್ಲಿ ನನಗೆ ತುಂಬ ಹೆಮ್ಮೆ ತಂದದ್ದು ಐಐಟಿ ಬಾಂಬೆಯ ಕಂದು, ಇಮ್ಯುನೋಆಕ್ಟ್.

ಕಾರ್-ಟಿ ಚಿಕಿತ್ಸೆ ಅಂತ ಕೇಳಿರಬಹುದು. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸುತ್ತಾರೆ. ಇವು ದೇಹದ ಕಾವಲುಗಾರರು. ಕ್ಯಾನ್ಸರ್ ಕೋಶವನ್ನು ಗುರುತಿಸುವ ಹೊಸ ಜೀನ್ ಒಂದನ್ನು, ನಿರುಪದ್ರವಿ ಮಾಡಿದ ವೈರಸ್ ಮೂಲಕ ಅವುಗಳೊಳಗೆ ಸೇರಿಸುತ್ತಾರೆ. ಲ್ಯಾಬಿನಲ್ಲಿ ಅವನ್ನು ಕೋಟಿಗಟ್ಟಲೆ ಬೆಳೆಸುತ್ತಾರೆ. ಆಮೇಲೆ ಅದೇ ರೋಗಿಗೆ ಡ್ರಿಪ್‌ನಲ್ಲಿ ವಾಪಸ್ ಕೊಡುತ್ತಾರೆ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಚೀಲದ ಮೇಲೆ ರೋಗಿಯ ಗುರುತು ಬರೆದಿರುತ್ತದೆ. ಆ ಚೀಲ ಬದಲಾದರೆ ಪ್ರಾಣಕ್ಕೇ ಸಂಚಕಾರ.

ಅಮೆರಿಕದಲ್ಲಿ ಇಂಥ ಮೊದಲ ಚಿಕಿತ್ಸೆಗೆ 2017ರಲ್ಲಿ ಒಪ್ಪಿಗೆ ಸಿಕ್ಕಾಗ ಬೆಲೆ 4,75,000 ಡಾಲರ್. ನಮ್ಮ ರೂಪಾಯಿಯಲ್ಲಿ ಮೂರು ಕೋಟಿಗೂ ಮೇಲೆ. ಇಲ್ಲಿನವರು ಅದರ ಆಸೆಯನ್ನೇ ಬಿಟ್ಟಿದ್ದರು. ಪ್ರೊಫೆಸರ್ ರಾಹುಲ್ ಪುರ್ವಾರ್ ಐಐಟಿಯಲ್ಲಿ ಇದನ್ನು ಮೊದಲಿನಿಂದ ಕಟ್ಟಿದರು. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಜೊತೆಯಾದರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ 19 ಕೋಟಿ ರೂಪಾಯಿಗೂ ಮೀರಿ ಕೊಟ್ಟಿತು. 2018ರಲ್ಲಿ ಕಂಪನಿ ಆಯಿತು. 2021ರಲ್ಲಿ ಮೊದಲ ರೋಗಿಗೆ ಚಿಕಿತ್ಸೆ. ಅದೇ ವರ್ಷ ಹೈದರಾಬಾದಿನ ಲಾರಸ್ ಲ್ಯಾಬ್ಸ್ 46 ಕೋಟಿ ರೂಪಾಯಿ ಹಾಕಿ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಪಡೆಯಿತು. 2023ರ ಅಕ್ಟೋಬರ್‌ನಲ್ಲಿ ನೆಕ್ಸ್‌ಕಾರ್19 ಎಂಬ ಹೆಸರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಆಗ ಬೆಲೆ ಸುಮಾರು 40 ಲಕ್ಷ. ಡಾಲರ್ ಲೆಕ್ಕದಲ್ಲಿ ವಿದೇಶದ ಬೆಲೆಯ ಸುಮಾರು ಹತ್ತನೇ ಒಂದು ಭಾಗ. ಬೇರೆಲ್ಲ ಚಿಕಿತ್ಸೆ ಸೋತಿದ್ದ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹತ್ತರಲ್ಲಿ ಏಳು ಮಂದಿಗೆ ಇದು ಕೆಲಸ ಮಾಡಿತು.

40 ಲಕ್ಷ ಕೂಡ ನಮ್ಮ ಬಹುಪಾಲು ಮನೆಗಳಿಗೆ ಎಟುಕದ ಮೊತ್ತ. ಒಪ್ಪುತ್ತೇನೆ. ಆದರೆ ಯಾಕೆ ಇಳಿಯಿತು ಅಂತ ನೋಡಿ. ಜೀನ್ ಸಾಗಿಸುವ ವೈರಸ್ಸನ್ನು ಹೊರಗಿನಿಂದ ಕೊಳ್ಳದೆ ಇಲ್ಲೇ ತಯಾರಿಸಿದರು. ಕೋಶ ಬೆಳೆಸುವ ಕೆಲಸವೂ ಇಲ್ಲೇ. ಈ ಔಷಧಿಯನ್ನು ಒಂದು ಕಡೆ ರಾಶಿ ಮಾಡಿ ಜಗತ್ತಿಗೆಲ್ಲ ಕಳಿಸುವ ಹಾಗಿಲ್ಲ, ರೋಗಿಯ ಹತ್ತಿರವೇ ತಯಾರಾದರೆ ಅನುಕೂಲ. ಅಂದರೆ ಅದರ ಸುತ್ತ ಬರುವ ಕೆಲಸಗಳೂ ಇಲ್ಲೇ ಉಳಿಯುತ್ತವೆ. ಕೋಶ ಬೆಳೆಸುವ ಟೆಕ್ನಿಷಿಯನ್, ಗುಣಮಟ್ಟ ನೋಡುವವರು, ಚೀಲವನ್ನು ತಣ್ಣಗೆ ಸಾಗಿಸುವವರು, ಕಾಗದಪತ್ರ ಸಲ್ಲಿಸುವವರು. ಬಿಎಸ್ಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಸಿಗುವ ಕೆಲಸ ಇವು. ಪಿಎಚ್‌ಡಿ ಆದವರಿಗೆ ಮಾತ್ರ ಅಲ್ಲ.

ಆದಾಯದ ಮಾತಿಗೆ ಬಂದಾಗ ಎಲ್ಲರೂ ಜರ್ಮನಿಯ ಮೈನ್ಸ್ ಊರನ್ನು ತೋರಿಸುತ್ತಾರೆ. ನಾನೂ ತೋರಿಸುತ್ತೇನೆ, ಆದರೆ ಕಥೆಯನ್ನು ಪೂರ್ತಿ ಹೇಳಬೇಕು. ಆ ಊರಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ದಂಪತಿ ಉಗುರ್ ಶಾಹಿನ್ ಮತ್ತು ಓಜ್ಲೆಮ್ ಟ್ಯುರೇಜಿ 2008ರಲ್ಲಿ ಬಯೋಎನ್‌ಟೆಕ್ ಶುರು ಮಾಡಿದರು. ಕಂಪನಿ ಇರುವ ಬೀದಿಯ ಹೆಸರಿನ ಅರ್ಥ 'ಚಿನ್ನದ ಗಣಿ' ಅಂತ. ಹನ್ನೆರಡು ವರ್ಷ ಅವರ ಯಾವ ಔಷಧಿಯೂ ಮಾರುಕಟ್ಟೆಗೆ ಬಂದಿರಲಿಲ್ಲ. ಕೋವಿಡ್ ಬಂದಾಗ ಫೈಜರ್ ಜೊತೆ ಸೇರಿ ಲಸಿಕೆ ಕೊಟ್ಟರು. 2021ರಲ್ಲಿ ಸಾಲದಲ್ಲಿ ಮುಳುಗಿದ್ದ ಆ ಊರಿನ ನಗರಸಭೆಗೆ ತೆರಿಗೆಯಿಂದಲೇ 100 ಕೋಟಿ ಯೂರೋಗೂ ಮೀರಿ ಉಳಿತಾಯ ಕಂಡಿತು. ಊರಿನ ಎಲ್ಲ ವ್ಯಾಪಾರಗಳ ತೆರಿಗೆ ದರವನ್ನೇ ಇಳಿಸಿದರು. ಆಮೇಲೆ ಲಸಿಕೆಯ ಬೇಡಿಕೆ ಇಳಿಯಿತು, ಆ ಆದಾಯವೂ ಇಳಿಯಿತು. ಒಂದೇ ಮರದ ಫಸಲು ನಂಬಿಕೊಂಡ ತೋಟದ ಹಾಗೆ. ಅಡಿಕೆ ದರ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನನ್ನ ಪ್ರಕಾರ ಆದಾಯದ ನಿಜವಾದ ಗಳಿಕೆ ಒಂದು ಕಂಪನಿ ಕಟ್ಟುವ ತೆರಿಗೆಯಲ್ಲಿ ಇಲ್ಲ. ಅದು ಬೆಳೆಸುವ ಜನರಲ್ಲಿ ಇದೆ. ಜೆನೆನ್‌ಟೆಕ್ ಬೇರೂರಿದ ಸೌತ್ ಸ್ಯಾನ್‌ಫ್ರಾನ್ಸಿಸ್ಕೋ ಮೊದಲು ಮಾಂಸದ ಕಾರ್ಖಾನೆ, ಉಕ್ಕಿನ ಕಾರ್ಖಾನೆಗಳ ಊರು. ಈಗ ಅಲ್ಲಿ ಜೈವಿಕ ತಂತ್ರಜ್ಞಾನದ ಕಂಪನಿಗಳ ಸಾಲೇ ಇದೆ. ಒಂದರಲ್ಲಿ ಪಳಗಿದವರು ಹೊರಗೆ ಬಂದು ಇನ್ನೊಂದು ಕಟ್ಟಿದರು. ಔಷಧಿಯನ್ನು ಲ್ಯಾಬಿನಿಂದ ಆಸ್ಪತ್ರೆಗೆ ತಲುಪಿಸುವ ಕೆಲಸ ಪುಸ್ತಕ ಓದಿ ಬರುವುದಲ್ಲ. ಒಂದು ಸಲ ಮಾಡಿದವರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಬೆಂಗಳೂರಿನಲ್ಲೂ ಇದು ಆಗಿದೆ. 2000ದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ ನಾಲ್ವರು ಕಂಪ್ಯೂಟರ್ ಪ್ರೊಫೆಸರುಗಳು, ವಿಜಯ್ ಚಂದ್ರು, ರಮೇಶ್ ಹರಿಹರನ್, ಸ್ವಾಮಿ ಮನೋಹರ್ ಮತ್ತು ವಿ. ವಿನಯ್, ಸ್ಟ್ರಾಂಡ್ ಶುರು ಮಾಡಿದಾಗ 'ಮೇಷ್ಟ್ರುಗಳಿಗೆ ವ್ಯಾಪಾರ ಯಾಕೆ' ಅನ್ನುವ ಮನೋಭಾವ ಜಾಸ್ತಿ ಇತ್ತು. ಜೀನ್ ಮಾಹಿತಿ ಓದುವ ಸಾಫ್ಟ್‌ವೇರ್‌ನಿಂದ ಶುರುವಾಗಿ ಕ್ಯಾನ್ಸರ್ ಮತ್ತು ವಂಶಪಾರಂಪರ್ಯ ಕಾಯಿಲೆಗಳ ಪರೀಕ್ಷೆಯವರೆಗೆ ಬೆಳೆಯಿತು. 2021ರಲ್ಲಿ ರಿಲಯನ್ಸ್ ಗುಂಪು 393 ಕೋಟಿ ರೂಪಾಯಿಗೆ ಅದರ ಬಹುಪಾಲು ಷೇರು ಕೊಂಡಿತು. ಜೀನ್ ಓದಬಲ್ಲ ಒಂದು ತಲೆಮಾರು ಆ ಇಪ್ಪತ್ತು ವರ್ಷಗಳಲ್ಲಿ ಬೆಂಗಳೂರಲ್ಲಿ ತಯಾರಾಯಿತು. ನನಗೆ ಆ ಕೋಟಿಗಿಂತ ಇದು ದೊಡ್ಡದು.

ಕಂದು ತಾಯಿ ಬುಡದಿಂದ ದೂರ ಹೋಗುವುದೂ ಇದೆ. ಕೇಂಬ್ರಿಜ್‌ನ ರಸಾಯನ ವಿಜ್ಞಾನಿಗಳಾದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್ 1998ರಲ್ಲಿ ಸೊಲೆಕ್ಸಾ ಕಂಪನಿ ಕಟ್ಟಿದರು. ಶಂಕರ್ ಹುಟ್ಟಿದ್ದು ಮದ್ರಾಸಿನಲ್ಲಿ. ಡಿಎನ್‌ಎಯನ್ನು ಅತಿ ವೇಗವಾಗಿ, ಅಗ್ಗವಾಗಿ ಓದುವ ಅವರ ವಿಧಾನ ಇವತ್ತು ಜಗತ್ತಿನಾದ್ಯಂತ ಆಸ್ಪತ್ರೆಗಳಲ್ಲಿದೆ. ಕೋವಿಡ್‌ನ ಹೊಸ ಹೊಸ ರೂಪಗಳನ್ನು ಪತ್ತೆ ಹಚ್ಚಿದ್ದರಲ್ಲಿ ದೊಡ್ಡ ಪಾಲು ಇಂಥ ಯಂತ್ರಗಳದ್ದೇ. 2007ರಲ್ಲಿ ಅಮೆರಿಕದ ಇಲ್ಯುಮಿನಾ ಅದನ್ನು ಸುಮಾರು 60 ಕೋಟಿ ಡಾಲರ್‌ಗೆ ಕೊಂಡಿತು. ಆಮೇಲಿನ ವ್ಯಾಪಾರ ಬೆಳೆದದ್ದು ಇಲ್ಯುಮಿನಾ ಹೆಸರಲ್ಲಿ. ಆರೋಗ್ಯದ ಲಾಭ ಜಗತ್ತಿಗೆಲ್ಲ ಸಿಕ್ಕಿತು. ವ್ಯಾಪಾರದ ಲಾಭದಲ್ಲಿ ದೊಡ್ಡ ಭಾಗ ಬ್ರಿಟನ್ನಿನಿಂದ ಹೊರಗೆ ಹೋಯಿತು. ನಿಮ್ಮ ಎರಡು ಪ್ರಶ್ನೆಗೆ ಎರಡು ಬೇರೆ ಉತ್ತರ ಬರುವುದು ಇಂಥ ಕಡೆ.

ಈಗ ಕರಾರಿನ ಮಾತು. ಇದರ ಬಗ್ಗೆ ನನಗೆ ತುಂಬ ಕಾಳಜಿ ಇದೆ, ಯಾಕೆಂದರೆ ಹಾಳಾಗುವುದೂ ಇಲ್ಲೇ.

ಅಮೆರಿಕದಲ್ಲಿ 1980ರಲ್ಲಿ ಬೇ-ಡೋಲ್ ಕಾಯ್ದೆ ಬಂತು. ಸರ್ಕಾರದ ದುಡ್ಡಲ್ಲಿ ಆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯ ಇಟ್ಟುಕೊಂಡು ಕಂಪನಿಗಳಿಗೆ ಕೊಡಬಹುದು ಎಂದಾಯಿತು. ಜನರಿಗೆ ತಲುಪದಿದ್ದರೆ ಸರ್ಕಾರ ನಡುವೆ ಬರಬಹುದು ಎಂಬ ಷರತ್ತೂ ಅದರಲ್ಲಿದೆ. ಆದರೆ ಔಷಧಿ ದುಬಾರಿ ಅನ್ನುವ ಕಾರಣಕ್ಕೆ ಆ ಹಕ್ಕನ್ನು ಬಳಸಿಲ್ಲ. ಒಂದು ಡಾಲರ್‌ಗೆ ಬಿಟ್ಟುಕೊಟ್ಟ ಇನ್ಸುಲಿನ್‌ನ ಹೊಸ ರೂಪಗಳ ಬೆಲೆ ಅದೇ ದೇಶದಲ್ಲಿ ಎಷ್ಟು ಏರಿತೆಂದರೆ, ಕಡೆಗೆ ಹಿರಿಯ ನಾಗರಿಕರಿಗೆ ತಿಂಗಳಿಗೆ 35 ಡಾಲರ್ ಮಿತಿಯನ್ನು 2023ರಲ್ಲಿ ಕಾನೂನಿನಿಂದಲೇ ಹಾಕಬೇಕಾಯಿತು. ನಮ್ಮಲ್ಲಿ ಇಂಥ ಕಾಯ್ದೆ ತರಲು 2008ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ ಮಂಡಿಸಿದರು, ಅದು ಪಾಸಾಗದೆ ವಾಪಸ್ ಹೋಯಿತು. ಹಾಗಾಗಿ ಒಂದೊಂದು ಸಂಸ್ಥೆಗೆ ಒಂದೊಂದು ನಿಯಮ. ಮಗಳು ತನ್ನ ಸಂಸ್ಥೆಯ ನಿಯಮ ಪುಸ್ತಕ ತರಿಸಿ ಓದಬೇಕು.

ಒಳ್ಳೆಯ ಷರತ್ತು ಹಾಕಿದರೆ ಏನಾಗುತ್ತದೆ ಅನ್ನುವುದು ನಮ್ಮ ತೋಳಿನ ಮೇಲೇ ಇದೆ. ಕೋವಿಶೀಲ್ಡ್ ಮೂಲದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಲಸಿಕೆ. ಅದರ ತಂತ್ರಕ್ಕೆ 2016ರಲ್ಲಿ ಹುಟ್ಟಿದ ವ್ಯಾಕ್ಸಿಟೆಕ್ ಎಂಬ ಸ್ಪಿನ್‌ಔಟ್ ಕೂಡ ಪಾಲುದಾರ. ಆಸ್ಟ್ರಾಜೆನೆಕಾ ಜೊತೆ ಒಪ್ಪಂದ ಆದಾಗ ಪಿಡುಗು ಇರುವಷ್ಟು ಕಾಲ ಲಾಭ ಇಟ್ಟುಕೊಳ್ಳದೆ ಮಾರುತ್ತೇವೆ ಎಂದು ಆ ಕಂಪನಿ ಮಾತು ಕೊಟ್ಟಿತ್ತು. ಪುಣೆಯ ಸೀರಂ ಸಂಸ್ಥೆ ಅದನ್ನು ತಯಾರಿಸಿತು. ಬೆಲೆ, ಹಂಚಿಕೆ, ಇವನ್ನೆಲ್ಲ ಮೊದಲೇ ಮಾತಾಡಿ ಬರೆಯಬಹುದು. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಅಸ್ಪಷ್ಟವಾಗಿ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಮತ್ತೆ ಜೆನೆನ್‌ಟೆಕ್ ನೋಡಿ. ಬೆಳವಣಿಗೆಯ ಹಾರ್ಮೋನಿಗೆ ಬಳಸಿದ ವಸ್ತು ಯಾರದ್ದು ಅಂತ ಬೋಯರ್ ಅವರ ವಿಶ್ವವಿದ್ಯಾಲಯವೇ 1990ರಲ್ಲಿ ಕೋರ್ಟಿಗೆ ಹೋಯಿತು. ಒಂಬತ್ತು ವರ್ಷ ನಡೆದು 1999ರಲ್ಲಿ 20 ಕೋಟಿ ಡಾಲರ್‌ಗೆ ರಾಜಿ ಆಯಿತು. ಅವರ ಹತ್ತಿರ ದುಡ್ಡಿತ್ತು, ತಡೆದುಕೊಂಡರು. ನಾನು ಹತ್ತಿರದಿಂದ ನೋಡಿದ ಒಂದು ಚಿಕ್ಕ ಕಂಪನಿ, ಹೆಸರು ಬೇಡ, ಸಂಸ್ಥೆಯ ಜೊತೆ ಷೇರು ಎಷ್ಟು ಅನ್ನುವ ಚರ್ಚೆಯಲ್ಲೇ ಹದಿನಾಲ್ಕು ತಿಂಗಳು ಕಳೆಯಿತು. ದುಡ್ಡು ಹಾಕಲು ಬಂದಿದ್ದವರು ಬೇರೆ ಕಡೆ ಹೋದರು. ಆ ತಂಡದ ಹುಡುಗಿ ಈಗ ವಿದೇಶದಲ್ಲಿದ್ದಾಳೆ. ಪೇಟೆಂಟ್ ಕಪಾಟಿನಲ್ಲಿದೆ. ಆ ಪರೀಕ್ಷೆಯಿಂದ ಒಬ್ಬ ರೋಗಿಗೂ ಉಪಯೋಗ ಆಗಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುತ್ತದೆ, ಯಾಕೆಂದರೆ ಆ ಚರ್ಚೆಯಲ್ಲಿ ನಾನೂ ಕೂತಿದ್ದೆ. ಬ್ರಿಟನ್ನಿನಲ್ಲಿ 2023ರಲ್ಲಿ ಸರ್ಕಾರ ಮಾಡಿಸಿದ ಪರಿಶೀಲನೆಯಲ್ಲಿ, ಜೀವ ವಿಜ್ಞಾನದ ಕಂಪನಿಗಳಲ್ಲಿ ವಿಶ್ವವಿದ್ಯಾಲಯ 10ರಿಂದ 25 ಶೇಕಡಾ ಪಾಲು ಇಟ್ಟುಕೊಂಡರೆ ಸಾಕು ಎಂದು ಹೇಳಿದರು. ಜಾಸ್ತಿ ಹಿಂಡಿದರೆ ಕಂದು ಬದುಕುವುದಿಲ್ಲ.

ಇನ್ನೊಂದು ಮಾತು. ಎಲ್ಲಕ್ಕೂ ಹೊಸ ಕಂಪನಿಯೇ ಬೇಕು ಅಂತ ಇಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಹೃದಯದ ಕೃತಕ ಕವಾಟ ಮಾಡಿತು. ಮೊದಲ ಮೂರು ಮಾದರಿ ಸೋತವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಹಾಕಿದರು. ಅವರು ಹೊಸ ಕಂಪನಿ ಮಾಡಲಿಲ್ಲ, ಟಿಟಿಕೆ ಎಂಬ ಇರುವ ಕಂಪನಿಗೇ ಲೈಸೆನ್ಸ್ ಕೊಟ್ಟರು. ಆಮದು ಕವಾಟಕ್ಕಿಂತ ತುಂಬ ಅಗ್ಗಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಕವಾಟಗಳು ರೋಗಿಗಳಿಗೆ ಸೇರಿವೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಹಾಗಾಗಿ ಮಗಳೂ ಗೈಡೂ ಕೇಳಿಕೊಳ್ಳಬೇಕು: ಈ ಪರೀಕ್ಷೆಯನ್ನು ಈಗಲೇ ತಯಾರಿಸಬಲ್ಲ ಕಂಪನಿ ಇದೆಯಾ? ಇದ್ದರೆ ಲೈಸೆನ್ಸ್ ಕೊಡುವುದೇ ಬೇಗದ ದಾರಿ. ಯಾರೂ ಮುಂದೆ ಬರದಿದ್ದರೆ ತಾವೇ ಹೊರಬೇಕು.

ಹೊರುವುದಾದರೆ ಅವಳಿಗೆ ಹೀಗೆ ಹೇಳಿ. ಥೀಸಿಸ್ ಅಥವಾ ಪೇಪರ್ ಹೊರಬರುವ ಮೊದಲೇ ಪೇಟೆಂಟ್ ಅರ್ಜಿ ಹೋಗಿರಬೇಕು. ಪ್ರಕಟವಾದ ಮೇಲೆ ನಮ್ಮ ಕಾನೂನಿನಲ್ಲಿ ಅದು ಹೊಸದು ಅಂತ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅರ್ಜಿ ಹಾಕಿದ ದಿನದಿಂದ 20 ವರ್ಷ ಮಾತ್ರ ಪೇಟೆಂಟ್ ಬಾಳುತ್ತದೆ, ಆದ್ದರಿಂದ ಕರಾರು ಎಳೆದಾಡಿದಷ್ಟೂ ನಷ್ಟ. ಅರ್ಜಿಯಲ್ಲಿ ಅವಳ ಹೆಸರು ಸಂಶೋಧಕಿ ಅಂತ ಇರಬೇಕು, ಗೈಡ್ ಹೆಸರು ಮಾತ್ರ ಅಲ್ಲ. ಷೇರು ಯಾರಿಗೆ ಎಷ್ಟು ಅನ್ನುವುದನ್ನು ಗೈಡ್ ಎದುರೇ, ಈಗಲೇ, ಕಾಗದದ ಮೇಲೆ ಬರೆದುಕೊಳ್ಳಲಿ. ಗುರುಗಳ ಹತ್ತಿರ ದುಡ್ಡಿನ ಮಾತು ಹೇಗೆ ಆಡುವುದು ಅಂತ ನಮ್ಮ ಮಕ್ಕಳು ಸಂಕೋಚ ಪಡುತ್ತಾರೆ, ಆಮೇಲೆ ನೊಂದುಕೊಳ್ಳುತ್ತಾರೆ. ಮೊದಲ ದುಡ್ಡಿಗೆ ಮನೆಯ ಜಮೀನಿಗೆ ಕೈ ಹಾಕಬೇಡಿ. ಕೇಂದ್ರದ ಬೈರಾಕ್ ಸಂಸ್ಥೆ ಇಂಥ ಹೊಸ ಯೋಚನೆಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ, ಬೆಂಗಳೂರಿನ ಸಿ-ಕ್ಯಾಂಪ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಹಾಕಬಹುದು.

ಕರಾರಿನಲ್ಲಿ ಎರಡು ಸಾಲು ಇರಲೇಬೇಕು ಅಂತ ಅವಳೇ ಕೇಳಲಿ. ಇಷ್ಟು ವರ್ಷದೊಳಗೆ ಪರೀಕ್ಷೆ ಜನರಿಗೆ ಸಿಗದಿದ್ದರೆ ಲೈಸೆನ್ಸ್ ಸಂಸ್ಥೆಗೆ ವಾಪಸ್ ಬರಬೇಕು, ಇದು ಒಂದು. ಸರ್ಕಾರಿ ಆಸ್ಪತ್ರೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೇರೆ ಬೆಲೆ, ಇದು ಇನ್ನೊಂದು. ನಾಳೆ ಕಂಪನಿಯನ್ನು ಯಾರೇ ಕೊಂಡರೂ ಈ ಎರಡೂ ಅವರಿಗೂ ಅನ್ವಯಿಸಬೇಕು. ಸರ್ಕಾರದ ದುಡ್ಡಿಗೆ ನೀವು ಕೇಳುತ್ತಿರುವ ಲೆಕ್ಕ ಸಿಗುವುದು ಅಲ್ಲಿಯೇ.

ಸಹಿ ಹಾಕುವ ಮೊದಲು ಅವಳು ಮುಂದಿನ ಮೇ ತಿಂಗಳಲ್ಲಿ ತನ್ನ ಸ್ಟ್ರಿಪ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ರಾಯಚೂರೋ ಕಲಬುರಗಿಯೋ ಕಡೆ ಒಂದು ಆರೋಗ್ಯ ಕೇಂದ್ರಕ್ಕೆ ಹೋಗಿಬರಲಿ. ನೀವೂ ಜೊತೆಗೆ ಹೋಗಿ, ಮೇಷ್ಟ್ರೇ. ಸ್ಟ್ರಿಪ್ಪನ್ನು ಸಿಸ್ಟರ್ ಕೈಗೆ ಕೊಟ್ಟು, ಏನೂ ಹೇಳಿಕೊಡದೆ, ಪಕ್ಕದಲ್ಲಿ ನಿಂತು ನೋಡಿ.